ಸದ್ದಡಗಿದ ಸವತಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಕಪ್ಪಿನ ಹಿಡಿ.

ಕಟ್ಟಡದ ನಿವಾಸಿಗಳ ಸಂಘದ ಸೆಕ್ರೆಟರಿ ಮೊದಲನೇ ಮಹಡಿಯ ಬಾಲ್ಕನಿಯಲ್ಲಿ ಕೂತು, ಕಟ್ಟೆಯ ಮೇಲೆ ಕಪ್ಪಿಟ್ಟು ಪೇಪರು ಬಿಡಿಸುತ್ತಿದ್ದರು. ಅದೇ ಗಳಿಗೆಗೆ ಕೆಳಗೆ ಅಂಗಳದಲ್ಲಿ ಗಡಿಯಾರದವರು ತಮ್ಮ ಹಳೇ ಕಾರನ್ನು ಶುರು ಮಾಡಿದರು. ಕಟ್ಟೆ ಗಡಗಡ ನಡುಗಿತು. ಕಪ್ಪು ಯಾರೋ ಕರೆದ ಹಾಗೆ ಅಂಚಿನ ತನಕ ಮೆಲ್ಲಗೆ ನಡೆದು ಹೋಗಿ ಕೆಳಕ್ಕೆ ಹಾರಿಕೊಂಡಿತು. ಹೂವಿನ ಕುಂಡದ ಮಣ್ಣಿನ ಮೇಲೆ ಬಿದ್ದದ್ದರಿಂದ ಕಪ್ಪು ಒಡೆಯಲಿಲ್ಲ, ಹಿಡಿ ಮಾತ್ರ ಮುರಿಯಿತು. ಪೂರ್ತಿ ಒಡೆದಿದ್ದರೆ ಸೆಕ್ರೆಟರಿ ಒಂದು ದಿನ ಬೈದು ಮರೆತುಬಿಡುತ್ತಿದ್ದರೋ ಏನೋ. ಹಿಡಿಯಿಲ್ಲದ ಕಪ್ಪಿನಲ್ಲಿ ದಿನಾ ಬೆಳಿಗ್ಗೆ ಬೆರಳು ಸುಟ್ಟುಕೊಂಡಾಗಲೆಲ್ಲ ಅವರ ಸಿಟ್ಟು ಹೊಸದಾಗುತ್ತಾ ಹೋಯಿತು. ಬೇರೆ ಕಪ್ಪು ತಗೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ತಗೊಂಡರೆ ಸಿಟ್ಟಿಗೆ ಸಾಕ್ಷಿ ಎಲ್ಲಿ ಉಳಿಯುತ್ತದೆ?

ಹತ್ತನೇ ದಿನ ಮೆಟ್ಟಿಲಿನ ಗೋಡೆಯ ಮೇಲೆ ನೋಟೀಸು ಬಿತ್ತು. ಈ ವಾರದ ರಜಾ ದಿನ ಸಂಜೆ ಆರು ಗಂಟೆಯೊಳಗಾಗಿ ಸದರಿ ವಾಹನದ ಸದ್ದು ನಿಲ್ಲತಕ್ಕದ್ದು; ತಪ್ಪಿದಲ್ಲಿ ಮಾರನೇ ಬೆಳಿಗ್ಗೆ ಗುಜರಿಯವನ ಲಾರಿ ಬಂದು ಸದರಿ ವಾಹನವನ್ನು ಒಯ್ಯತಕ್ಕದ್ದು. ಕೆಳಗೆ ಸೆಕ್ರೆಟರಿಯ ಸಹಿ, ಅದರ ಕೆಳಗೆ ಸಂಘದ ಮೊಹರು, ಅದರ ಪಕ್ಕದಲ್ಲಿ ಕಪ್ಪಿನ ತಳದ ಒಂದು ದುಂಡಗಿನ ಗುರುತು.

ಗಡಿಯಾರದವರು ನೋಟೀಸನ್ನು ಎರಡು ಸಲ ಓದಿದರು. ಅವರ ಹೆಸರು ಕಟ್ಟಡದಲ್ಲಿ ಯಾರಿಗೂ ನೆನಪಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರಿಂದ ಅವರು ಗಡಿಯಾರದವರು, ಅಷ್ಟೆ. ಸಾಸಿವೆ ಕಾಳಿಗಿಂತ ಚಿಕ್ಕ ತಿರುಪುಗಳ ಜೊತೆ ಹಗಲೆಲ್ಲ ಉಸಿರು ಬಿಗಿಹಿಡಿದು ಬಾಳುವ ಮನುಷ್ಯನಿಗೆ ಜೀವನದಲ್ಲಿ ಒಮ್ಮೆಯಾದರೂ ದೊಡ್ಡದೊಂದು ಯಂತ್ರ ತನ್ನದಾಗಬೇಕು ಅನ್ನಿಸಿತ್ತು. ನಾಲ್ಕು ವರ್ಷದ ಹಿಂದೆ ಅವರಿಗಿಂತ ಹನ್ನೊಂದು ವರ್ಷ ದೊಡ್ಡದಾದ ಈ ಕಾರು ಸಿಕ್ಕಿತು. ಕಪ್ಪೆಯ ಕಣ್ಣಿನಂಥ ದೀಪ, ಎರಡು ಕಡೆಯಿಂದಲೂ ತೆರೆಯುವ ಬಾನೆಟ್ಟು, ಮೂವರು ಆರಾಮಾಗಿ ಕೂರಬಹುದಾದ ಮುಂದಿನ ಸೀಟು, ಎಲ್ಲ ಇತ್ತು. ಸೈಲೆನ್ಸರ್ ಇದ್ದ ಜಾಗದಲ್ಲಿ ಮಾತ್ರ ತುಕ್ಕಿನ ಜರಡಿಯೊಂದು ನೇತಾಡುತ್ತಿತ್ತು. ಅದರ ಮೇಲಿನ ಮ್ಯಾನಿಫೋಲ್ಡ್, ಅಂದರೆ ಇಂಜಿನ್ನಿನ ನಾಲ್ಕು ಬಾಯಿಯ ಹೊಗೆಯನ್ನು ಒಟ್ಟು ಮಾಡಿ ಒಂದೇ ಕೊಳವೆಗೆ ತಳ್ಳುವ ಎರಕದ ಕಬ್ಬಿಣ, ಉದ್ದಕ್ಕೂ ಸೀಳು ಬಿಟ್ಟಿತ್ತು.

ಕಾರು ಮನೆಗೆ ಬಂದ ದಿನ ಹೆಂಡತಿಯನ್ನು ಕೂರಿಸಿಕೊಂಡು ಕೆರೆ ದಂಡೆಯ ತನಕ ಹೋಗಿ ಬರುತ್ತೇನೆಂದು ಗಡಿಯಾರದವರು ಮಾತು ಕೊಟ್ಟಿದ್ದರು. ಆಕೆ ಆಸೆಯಿಂದಲೇ ಇಳಿದು ಬಂದಳು. ಇವರು ಕೀಲಿ ತಿರುಗಿಸಿದರು. ಆಕೆ ಏನೋ ಹೇಳಿದಳು, ಇವರಿಗೆ ತುಟಿ ಅಲ್ಲಾಡಿದ್ದು ಕಂಡಿತೇ ಹೊರತು ಒಂದಕ್ಷರ ಕೇಳಿಸಲಿಲ್ಲ. ಆಕೆ ಬಾಗಿಲು ಹಾಕಿ ಮಹಡಿ ಹತ್ತಿ ಹೋದಳು. ಅವತ್ತು ಊಟದ ಹೊತ್ತಿಗೆ ತೀರ್ಮಾನ ಹೇಳಿದಳು.

"ಇದರಲ್ಲಿ ಕೂತು ಮಾತಾಡಿದ್ರೆ ಮಾತು ಕೇಳಿಸೋ ಹಾಗೆ ಯಾವತ್ತು ಆಗುತ್ತೋ ಅವತ್ತು ಕೂರ್ತೀನಿ. ನಂಗೆ ನಿಮ್ಮ ಹತ್ರ ಮಾತಾಡೋದಿದೆ."

ಮನೆಯಲ್ಲೇ ಆಡಬಾರದೇ ಎಂದರೆ ಆಕೆ ಜಪ್ಪಯ್ಯ ಅನ್ನಲಿಲ್ಲ. ಮನೆಯಲ್ಲಿ ಆತನ ಒಂದು ಕಣ್ಣಿಗೆ ಭೂತಗನ್ನಡಿ, ಒಂದು ಕಿವಿಗೆ ಗಡಿಯಾರ. ಏನು ಹೇಳಿದರೂ "ಹೂಂ" ಎಂಬುದೊಂದೇ ಉತ್ತರ. ಅಂದಿನಿಂದ ಆಕೆ ಆ ಕಾರಿಗೆ ಸವತಿ ಎಂದು ಹೆಸರಿಟ್ಟಳು. "ನಿಮ್ಮ ಸವತಿಗೆ ಮೈ ಒರೆಸಿದ್ದಾಯ್ತಾ" ಎಂದು ಕೇಳುವಳು. ನಿಮ್ಮದಲ್ಲ, ನಿನ್ನ ಸವತಿ ಎಂದು ತಿದ್ದುವ ಧೈರ್ಯ ಗಡಿಯಾರದವರಿಗೆ ಬರಲಿಲ್ಲ. ಆದರೆ ನಾಲ್ಕು ವರ್ಷ ಆ ಒಂದು ಆಸೆ ಅವರ ಮನಸ್ಸಿನಲ್ಲಿ ಕೂತೇ ಇತ್ತು: ಪಕ್ಕದಲ್ಲಿ ಹೆಂಡತಿ, ಮುಂದೆ ಕೆರೆ, ನಡುವೆ ಮಾತು.

ಏಳು ತಿಂಗಳು ಹಳೇ ಗಾಡಿ ಬಿಚ್ಚುವವರಿಗೆಲ್ಲ ಕಾಗದ ಬರೆದು ಬರೆದು ಕೊನೆಗೆ ಸೀಳಿಲ್ಲದ ಮ್ಯಾನಿಫೋಲ್ಡ್ ಒಂದು ಪಾರ್ಸೆಲ್ಲಿನಲ್ಲಿ ಬಂದಿತ್ತು. ಸೈಲೆನ್ಸರನ್ನು ತಗಡಿನ ಕೆಲಸದವನ ಎದುರಿಗೇ ಕೂತು ಅಳತೆ ಕೊಟ್ಟು ಮಾಡಿಸಿದ್ದರು. ಇನ್ನು ಉಳಿದದ್ದು ರಜೆಯ ಒಂದು ಹಗಲು.

ಬೆಳಿಗ್ಗೆ ಎಂಟಕ್ಕೆ ಗಡಿಯಾರದವರು ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ, ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ಅಭ್ಯಾಸಬಲದಿಂದ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಾನೆಟ್ಟಿನೊಳಕ್ಕೆ ತಲೆ ಹಾಕಿದರು. ಮ್ಯಾನಿಫೋಲ್ಡನ್ನು ಇಂಜಿನ್ನಿಗೆ ಹಿಡಿದಿದ್ದ ಆರು ನಟ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದರು. ಒಂದೊಂದನ್ನೂ ಕಾಲು ಸುತ್ತು ತಿರುಗಿಸುವುದು, ಎಣ್ಣೆ ಬಿಡುವುದು, ಕಾಯುವುದು. ಹೀಗೆ ಐದು ನಟ್ಟು ಬಿಚ್ಚಿಕೊಂಡು ಬಟ್ಟೆಯ ಮೇಲೆ ಬಂದು ಕೂತವು.

ಆರನೆಯದಕ್ಕೆ ಸರಿಯಾಗಿ ಪ್ಲಂಬರು ಬಂದ. ಕೆಳಗಿನ ಮನೆಯವನು, ಆಳು ಧಡೂತಿ, ಮನಸ್ಸು ಬೆಣ್ಣೆ. ಪೈಪಿನ ಕೆಲಸ ಅಂತ ಗೊತ್ತಿದ್ದೂ ತನ್ನನ್ನು ಕರೆಯದೆ ಇದ್ದದ್ದಕ್ಕೆ ಆತನಿಗೆ ಬಹಳ ಬೇಜಾರಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿ, ತೋಳುದ್ದದ ಪೈಪಿನ ಸ್ಪ್ಯಾನರು ಹಾಕಿ, ಗಡಿಯಾರದವರು ಬೇಡ ಬೇಡ ಅನ್ನುವಷ್ಟರಲ್ಲಿ ಆರನೇ ನಟ್ಟನ್ನು ಒಂದೇ ಎಳೆತಕ್ಕೆ ಎಳೆದ. ಟಕ್ ಎಂದಿತು. ನಟ್ಟು ಬಂತು, ಅದರ ಜೊತೆಗೆ ನಟ್ಟು ಕೂರುವ ತಿರುಪಿನ ಕಡ್ಡಿ, ಅಂದರೆ ಸ್ಟಡ್ಡು, ಅದೂ ಅರ್ಧ ಮುರಿದು ಬಂತು. ಉಳಿದರ್ಧ ಇಂಜಿನ್ನಿನ ಹೊಟ್ಟೆಯೊಳಗೆ ಮಟ್ಟಸವಾಗಿ ಕೂತುಬಿಟ್ಟಿತು.

"ಸುಲಭವಾಗೇ ಬಂತಲ್ಲ ಅಣ್ಣ" ಎಂದ ಪ್ಲಂಬರು.

ಗಡಿಯಾರದವರು ಮುರಿದ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಪೆಚ್ಚಾಗಿ ನಿಂತರು. ಮೇಲಿನ ಕಿಟಕಿಯಲ್ಲಿ ಹೆಂಡತಿ ಬಟ್ಟೆ ಒಣಗಿಸುವ ನೆಪದಲ್ಲಿ ಒಂದೇ ಟವೆಲನ್ನು ನಾಲ್ಕು ಸಲ ಕೊಡವಿದಳು.

ಈ ಸದ್ದಿಗೆ ಎರಡನೇ ಮಹಡಿಯ ವಿಜ್ಞಾನದ ಮೇಷ್ಟ್ರು ಇಳಿದು ಬಂದರು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಅವರೊಳಗಿನ ಪಾಠ ನಿವೃತ್ತವಾಗಿರಲಿಲ್ಲ. ಕಾಯಿಸಿದರೆ ಲೋಹ ಹಿಗ್ಗುತ್ತದೆ, ಹಿಗ್ಗಿದರೆ ತೂತು ದೊಡ್ಡದಾಗುತ್ತದೆ, ಆಗ ತುಂಡು ಸಡಿಲವಾಗುತ್ತದೆ ಎಂದು ವಿವರಿಸಿದರು. ಕಾಯಿಸಿದರೆ ತುಂಡೂ ಹಿಗ್ಗುತ್ತದಲ್ಲ ಎಂದು ಪ್ಲಂಬರು ಕೇಳಿದ. ಪ್ರಶ್ನೆ ಸರಿಯಾಗಿದ್ದದ್ದರಿಂದ ಮೇಷ್ಟ್ರಿಗೆ ರೇಗಿತು. ಇಬ್ಬರೂ ಮುಕ್ಕಾಲು ಗಂಟೆ ಜಗಳವಾಡಿದರು. ಆ ಮುಕ್ಕಾಲು ಗಂಟೆಯಲ್ಲಿ ಗಡಿಯಾರದವರು ಪ್ಲಂಬರನ ಪೈಪು ಕಾಯಿಸುವ ಬೆಂಕಿಯ ದೀಪದಿಂದ ತೂತಿನ ಸುತ್ತ ಕಾಯಿಸಿ, ಅಂಚಿಗೆ ಮೇಣದಬತ್ತಿ ಮುಟ್ಟಿಸಿ, ಕರಗಿದ ಮೇಣ ತಿರುಪಿನ ಸುತ್ತುಗಳೊಳಕ್ಕೆ ಇಳಿಯುವ ತನಕ ಕಾದು, ಗಡಿಯಾರದ ಮುರಿದ ತಿರುಪು ತೆಗೆಯುವ ಹಾಗೆ ಎರಡು ಸಣ್ಣ ಉಳಿ ಹಿಡಿದು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತಾ ಆ ತುಂಡನ್ನು ಹೊರಗೆ ತಂದುಬಿಟ್ಟರು. ಮೇಷ್ಟ್ರು ತಮ್ಮ ಸಿದ್ಧಾಂತ ಗೆದ್ದಿತು ಎಂದರು. ಪ್ಲಂಬರು ತನ್ನ ದೀಪ ಗೆದ್ದಿತು ಎಂದ. ಗೆದ್ದವರಿಬ್ಬರೂ ಮನೆಗೆ ಹೋಗುತ್ತಾರೇನೋ ಎಂದು ಗಡಿಯಾರದವರು ಆಸೆಪಟ್ಟರು. ಇಬ್ಬರೂ ಒಂದೊಂದು ಕಲ್ಲು ಎಳೆದುಕೊಂಡು ಹತ್ತಿರದಲ್ಲೇ ಕೂತರು.

ಹೊಸ ಮ್ಯಾನಿಫೋಲ್ಡ್ ಕೂರಿಸುವ ಹೊತ್ತಿಗೆ ಗ್ಯಾಸ್ಕೆಟ್ಟು ಕಾಣಲಿಲ್ಲ. ಎರಡು ಕಬ್ಬಿಣದ ನಡುವೆ ಹೊಗೆ ಸೋರದಂತೆ ಇಡುವ ತೆಳ್ಳನೆಯ ಪಟ್ಟಿ ಅದು. ಅದಿಲ್ಲದೆ ಏನು ಬಿಗಿ ಮಾಡಿದರೂ ವ್ಯರ್ಥ. ಬಟ್ಟೆಯ ಕೆಳಗೆ ಹುಡುಕಿದರು, ಕಾರಿನ ಕೆಳಗೆ ಹುಡುಕಿದರು. ಕೊನೆಗೆ ನೋಡಿದರೆ ಮೇಷ್ಟ್ರು ಬಿಸಿಲಿಗೆ ಅದರಲ್ಲೇ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದರು. ತೂತುಗಳಿರುವುದರಿಂದ ಗಾಳಿ ಅಷ್ಟೇನೂ ಬರುತ್ತಿಲ್ಲ ಎಂದು ದೂರು ಬೇರೆ ಹೇಳಿದರು.

ಪಟ್ಟಿ ಇಟ್ಟು, ಮ್ಯಾನಿಫೋಲ್ಡ್ ಕೂರಿಸಿ, ಮುರಿದದ್ದರ ಜಾಗಕ್ಕೆ ಹೊಸ ಸ್ಟಡ್ಡು ಹಾಕಿ, ಗಡಿಯಾರದವರು ನಡುವಿನ ನಟ್ಟುಗಳಿಂದ ಶುರುಮಾಡಿ ಹೊರಗಿನವುಗಳ ತನಕ ಒಂದೇ ಹದಕ್ಕೆ ಬಿಗಿ ಮಾಡಿದರು. ಕೆಳಗಿನ ಪೈಪು ಜೋಡಿಸಿದರು. ಬಗ್ಗಿ ನೋಡಿದರೆ ಆ ಜೋಡಣೆಗೆ ಪ್ಲಂಬರು ನಲ್ಲಿಗೆ ಸುತ್ತುವ ದಾರ ಸುತ್ತಿ, ಮೇಲೆ ಬಿಳಿ ಪೇಸ್ಟು ಮೆತ್ತಿ ಅಂದವಾಗಿ ಒರೆಸುತ್ತಿದ್ದ. ಇದರೊಳಗೆ ಹರಿಯುವುದು ಬೆಂಕಿಯಂಥ ಹೊಗೆ, ನೀರಲ್ಲ, ದಾರ ಉರಿದುಹೋಗುತ್ತದೆ ಎಂದು ತಿಳಿಸಿ ಹೇಳಿ ಅದನ್ನೆಲ್ಲ ಬಿಚ್ಚುವಷ್ಟರಲ್ಲಿ ಗಂಟೆ ಮೂರೂವರೆ. ಪ್ಲಂಬರನಿಗೆ ನೋವಾಯಿತು. ಮೂವತ್ತು ವರ್ಷದಲ್ಲಿ ತಾನು ಕಟ್ಟಿದ ಜೋಡಣೆ ಒಂದಾದರೂ ಸೋರಿದೆಯಾ, ಯಾರನ್ನು ಬೇಕಾದರೂ ಕೇಳಿ ಎಂದ. ಗಡಿಯಾರದವರು ಯಾರನ್ನೂ ಕೇಳಲಿಲ್ಲ.

ಸೈಲೆನ್ಸರ್ ಕಟ್ಟುವ ಮುಂಚೆ ಮ್ಯಾನಿಫೋಲ್ಡ್ ಎಲ್ಲಾದರೂ ಸೋರುತ್ತದೆಯೋ ಎಂದು ಒಂದು ಸಲ ಇಂಜಿನ್ ಓಡಿಸಿ ನೋಡಬೇಕಿತ್ತು. ಕೀಲಿ ತಿರುಗಿಸಿದರು. ನಾಲ್ಕು ಬಾಯಿಯೂ ಒಂದೇ ಸಲ ಗರ್ಜಿಸಿದವು. ಅದರ ಹಿಂದೆಯೇ ದಟ್ಟ ಹೊಗೆ. ಪಾರ್ಸೆಲ್ಲು ಕಳಿಸಿದವನು ತುಕ್ಕು ಹಿಡಿಯದಿರಲೆಂದು ಕಬ್ಬಿಣಕ್ಕೆ ಎಣ್ಣೆ ಬಳಿದು ಕಳಿಸಿದ್ದ. ಬಿಸಿಯಾದ ಕೂಡಲೇ ಅದು ಸುಟ್ಟು ಬಾನೆಟ್ಟಿನ ಎರಡೂ ಕಡೆಯಿಂದ ಮೋಡದಂತೆ ಎದ್ದಿತು. ಐದು ನಿಮಿಷ ಬಿಟ್ಟರೆ ತಾನಾಗಿ ನಿಲ್ಲುವ ಹೊಗೆ. ಅದು ಗಡಿಯಾರದವರಿಗೆ ಗೊತ್ತಿತ್ತು, ಸೆಕ್ರೆಟರಿಗೆ ಗೊತ್ತಿರಲಿಲ್ಲ.

ಸೆಕ್ರೆಟರಿ ಬೆಂಕಿ ಬೆಂಕಿ ಎಂದು ಕೂಗುತ್ತಾ ತುಂಬಿದ ಬಕೀಟು ಹಿಡಿದು ಮೆಟ್ಟಿಲಿಳಿದು ಓಡಿ ಬಂದರು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಅದು ಗಾಜಿನ ಲೋಟದ ಹಾಗೆ ಸೀಳುತ್ತದೆ. ಏಳು ತಿಂಗಳು ಹುಡುಕಿದ ಮ್ಯಾನಿಫೋಲ್ಡ್, ನಾಲ್ಕು ವರ್ಷದ ಮಾತು, ಕೆರೆ ದಂಡೆ, ಎಲ್ಲ ಗಡಿಯಾರದವರ ಕಣ್ಣ ಮುಂದೆ ಹಾದು ಹೋದವು. ವಿವರಿಸಿ ಹೇಳಲು ಸಮಯವಿರಲಿಲ್ಲ, ಹೇಳಿದರೂ ಆ ಸದ್ದಿನಲ್ಲಿ ಕೇಳಿಸುವ ಹಾಗಿರಲಿಲ್ಲ. ಅವರು ಎರಡೂ ಕೈ ಚಾಚಿ ಬಾನೆಟ್ಟಿಗೂ ಬಕೀಟಿಗೂ ನಡುವೆ ನೆಗೆದರು. ಇಡೀ ಬಕೀಟು ಅವರ ಮೇಲೆ ಬಿತ್ತು. ಒಂದು ಹನಿಯೂ ಹಿಂದಕ್ಕೆ ಹೋಗಲಿಲ್ಲ. ಪ್ಲಂಬರು ಕೈ ಚಾಚಿ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದ.

ಹೆಂಡತಿ ಅದೇ ಟವೆಲು ಹಿಡಿದು ಕೆಳಗಿಳಿದು ಬಂದಳು. ಗಂಡನನ್ನು ಕೆಳಗಿಂದ ಮೇಲಿನ ತನಕ ನೋಡಿದಳು.

"ಅದಕ್ಕೋಸ್ಕರ ನೀರಿಗೆ ಎದೆ ಕೊಟ್ರಲ್ಲ. ನನಗೋಸ್ಕರ ಒಂದು ದಿನ ಮಳೇಲಾದ್ರೂ ನೆಂದಿದ್ರಾ?"

"ಇದೂ ನಿನಗೋಸ್ಕರಾನೇ ಕಣೇ" ಎಂದರು ಗಡಿಯಾರದವರು ಹಲ್ಲು ಕಟಕಟ ಎನ್ನಿಸುತ್ತಾ.

ಆಕೆ ಟವೆಲನ್ನು ಅವರ ತಲೆಯ ಮೇಲೆ ಹಾಕಿ, ಕೈ ಹಿಡಿದು ಮೇಲಕ್ಕೆ ಕರೆದುಕೊಂಡು ಹೋದಳು. ತಲೆ ಒರೆಸಿದಳು, ಬಿಸಿ ಹಾಲು ಕುಡಿಸಿದಳು, ಒಣ ಬಟ್ಟೆ ಕೊಟ್ಟಳು. ಹೊತ್ತಾಯಿತು ಬಿಡು ಎಂದರೂ ಕೂದಲು ಆರುವ ತನಕ ಬಿಡಲಿಲ್ಲ. ಕನ್ನಡಿಯ ಮುಂದೆ ಆಕೆಯ ಹೊರಗೆ ಹೋಗುವ ಬಟ್ಟೆ ಇಸ್ತ್ರಿಯಾಗಿ ಮಡಿಸಿಟ್ಟಿದ್ದು ಅವರ ಕಣ್ಣಿಗೆ ಬಿತ್ತು. ಕಾರು ಓಡುತ್ತದೋ ಇಲ್ಲವೋ, ಆಕೆಯಂತೂ ತಯಾರಾಗಿದ್ದಳು.

ಅವರು ಇಳಿದು ಬರುವ ಹೊತ್ತಿಗೆ ಐದೂಮುಕ್ಕಾಲು. ಕಾರಿನ ಕೆಳಗಿಂದ ಪ್ಲಂಬರನ ಎರಡು ಕಾಲು ಹೊರಕ್ಕೆ ಚಾಚಿದ್ದವು. ಪಾಪ, ಬಕೀಟಿನ ಘಟನೆ ನೋಡಿ ಮನಸ್ಸು ಕರಗಿ, ದಾರದ ವಿಷಯ ಮರೆತು, ತಾನೇ ಸೈಲೆನ್ಸರ್ ಪೂರ್ತಿ ಕಟ್ಟಿ ಮುಗಿಸಿದ್ದ. ಮೇಷ್ಟ್ರು ಟಾರ್ಚು ಹಿಡಿದಿದ್ದರು. ಕ್ಲಾಂಪು ಬಿಗಿ, ಪಟ್ಟಿ ಬಿಗಿ, ಜೋಡಣೆ ಒಂದೂ ಸಡಿಲವಿಲ್ಲ. ಗಡಿಯಾರದವರು ಖುಷಿಯಿಂದ ಬಗ್ಗಿ ನೋಡಿದರು. ಮುಂದೆ ಇರಬೇಕಾದ ಎತ್ತರದಲ್ಲೇ ಇದ್ದ ಪೈಪು ಹಿಂದೆ ಹೋಗುತ್ತಾ ಹೋಗುತ್ತಾ ಇಳಿದು, ಬಾಲದ ಕಡೆ ನೆಲದಿಂದ ನಾಲ್ಕೇ ಬೆರಳು ಮೇಲಿತ್ತು.

"ಇದ್ಯಾಕೆ ಹೀಗೆ ಇಳಿದಿದೆ?"

"ವಾಟ ಕೊಟ್ಟಿದೀನಿ ಅಣ್ಣ. ರಸಮಟ್ಟ ಇಟ್ಟು ನೋಡಿ ಕಟ್ಟಿದೀನಿ. ಎಂಟಡಿಗೆ ಒಂದು ಗೇಣು. ಒಂದು ಹನಿ ನೀರು ನಿಂತ್ರೆ ನನ್ನ ಹೆಸರು ಕೇಳಿ."

ಮೋರಿಯ ಪೈಪಿಗೆ ನೀರು ಹರಿದುಹೋಗಲು ಕೊಡುವ ಇಳಿಜಾರನ್ನು ಆತ ಕಾರಿನ ಸೈಲೆನ್ಸರಿಗೆ ಕೊಟ್ಟಿದ್ದ. ಬಿಚ್ಚಿ ಮತ್ತೆ ಕಟ್ಟಬೇಕೆಂದರೆ ಎರಡು ಗಂಟೆಯ ಕೆಲಸ. ಸೆಕ್ರೆಟರಿ ಆಗಲೇ ಒಂದು ಕೈಯಲ್ಲಿ ಸಂಘದ ಪುಸ್ತಕ, ಇನ್ನೊಂದರಲ್ಲಿ ಹಿಡಿಯಿಲ್ಲದ ಕಪ್ಪು ಹಿಡಿದು ಕೆಳಗಿಳಿದಿದ್ದರು. ಇರಲಿ, ನಾಳೆ ಎತ್ತಿ ಕಟ್ಟಿದರಾಯಿತು ಎಂದು ಗಡಿಯಾರದವರು ಸುಮ್ಮನಾದರು.

ಸದ್ದು ನಿಂತಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಹೇಗೆ ಎಂಬ ಪ್ರಶ್ನೆ ಬಂತು. ಮೇಷ್ಟ್ರು ಲೋಟದಲ್ಲಿ ನೀರಿಟ್ಟು ಅಲೆ ಎಣಿಸೋಣ ಎಂದರು. ಸೆಕ್ರೆಟರಿಗೆ ಇನ್ನೊಂದು ಪಾತ್ರೆ ಕಳೆದುಕೊಳ್ಳುವ ಮನಸ್ಸಿರಲಿಲ್ಲ. ಅವರು ಮೂರನೇ ಮಹಡಿಯ ಅಜ್ಜಿಯನ್ನು ತೋರಿಸಿದರು. ಅಜ್ಜಿಗೆ ಕಿವಿ ಕೇಳಿಸುವುದು ನಿಂತು ಎಷ್ಟೋ ಕಾಲವಾಗಿತ್ತು. ಕರೆಗಂಟೆ ಕೇಳಿಸದು, ಫೋನು ಕೇಳಿಸದು, ಗುಡುಗೂ ಕೇಳಿಸದು. ಇಡೀ ಜಗತ್ತಿನಲ್ಲಿ ಆಕೆಗೆ ಕೇಳಿಸುತ್ತಿದ್ದದ್ದು ಗಡಿಯಾರದವರ ಕಾರೊಂದೇ. ಹಾಗಾಗಿ ಆಕೆಗೆ ಆ ಕಾರಿನ ಮೇಲೆ ವಿಶೇಷ ಅಕ್ಕರೆ. ಅಜ್ಜಿಯನ್ನು ನಿಧಾನವಾಗಿ ಇಳಿಸಿ ತಂದು, ಕಾರಿನ ಹಿಂದೆ ಕುರ್ಚಿ ಹಾಕಿ ಕೂರಿಸಿದರು.

ಗಡಿಯಾರದವರು ಉಸಿರು ಬಿಗಿಹಿಡಿದು ಕೀಲಿ ತಿರುಗಿಸಿದರು. ಇಂಜಿನ್ ಒಮ್ಮೆ ಮೈ ಕೊಡವಿ ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು. ಅಂಗಳದ ಮರದಲ್ಲಿ ಹಕ್ಕಿ ಕೂಗಿದ್ದು ಕೇಳಿಸಿತು. ಎಲ್ಲರೂ ಅಜ್ಜಿಯ ಮುಖ ನೋಡಿದರು. ಒಂದು ನಿಮಿಷ, ಎರಡು ನಿಮಿಷ.

"ಯಾಕಪ್ಪಾ, ಇನ್ನೂ ಶುರು ಮಾಡ್ಲಿಲ್ವಾ?" ಎಂದಳು ಅಜ್ಜಿ.

ಸೆಕ್ರೆಟರಿ ಪುಸ್ತಕದಲ್ಲಿ "ಸದ್ದು ನಿಂತಿದೆ" ಎಂದು ಬರೆದು ಸಹಿ ಹಾಕಿದರು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಪ್ಲಂಬರು ಕಣ್ಣೊರೆಸಿಕೊಂಡ. ಗಡಿಯಾರದವರಿಗೆ ಕುಣಿಯಬೇಕೆನ್ನಿಸಿತು, ಆದರೆ ಅಭ್ಯಾಸವಿರಲಿಲ್ಲ. ಅಷ್ಟರಲ್ಲಿ ಹೆಂಡತಿ ಇಸ್ತ್ರಿಯ ಬಟ್ಟೆ ಉಟ್ಟು, ಹೊಸ ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ಇಳಿದು ಬಂದು, ಮುಂದಿನ ಬಾಗಿಲು ತೆರೆದು ಕೂತಳು. ನಾಲ್ಕು ವರ್ಷದ ಮೇಲೆ.

ಗಡಿಯಾರದವರು ಗೇರಿಗೆ ಕೈ ಹಾಕಿದರು. ಹಿಂದಿನ ಬಾಗಿಲು ತೆರೆದುಕೊಂಡಿತು. ಅಂಗಳದಲ್ಲಿ ನಿಂತು ನೋಡಿದ್ದು ಸಾಲದು, ರಸ್ತೆಯ ಮೇಲೂ ಪರೀಕ್ಷಿಸುವುದು ಸಂಘದ ಜವಾಬ್ದಾರಿ ಎನ್ನುತ್ತಾ ಸೆಕ್ರೆಟರಿ ಒಳಗೆ ಬಂದರು. ಅವರ ಹಿಂದೆ ಮೇಷ್ಟ್ರು. ಕಾರು ಇನ್ನೂ ಶುರುವಾಗಿಲ್ಲವೆಂದೇ ನಂಬಿದ್ದ ಅಜ್ಜಿ ಶುರುವಾಗುವ ತನಕ ಒಳಗೆ ಕೂತು ಕಾಯುತ್ತೇನೆಂದಳು. ಆಕೆಯನ್ನು ಇಬ್ಬರು ಎತ್ತಿ ಕೂರಿಸಿದರು. ಜೋಡಣೆ ಬಿಸಿಯಾದಾಗ ಹೇಗಿರುತ್ತದೋ ತಾನು ನೋಡಲೇಬೇಕೆಂದು ಪ್ಲಂಬರು ಮುಂದಿನ ಸೀಟಿಗೇ ಬಂದ. "ಸ್ವಲ್ಪ ಸರೀರಿ ಅತ್ತಿಗೆ" ಎಂದ. ಇಷ್ಟು ದಿನ ಈ ಕಾರಿನ ಹತ್ತಿರಕ್ಕೂ ಬಾರದವರು ಇವರೆಲ್ಲ. ಆ ಸದ್ದು ತಮ್ಮನ್ನು ಯಾರಿಂದ ಕಾಪಾಡುತ್ತಿತ್ತೆಂದು ಗಡಿಯಾರದವರಿಗೆ ಈಗ ಗೊತ್ತಾಯಿತು.

ಆದರೂ ಕಾರು ಹೊರಟಿತು, ಹೆಂಡತಿ ಪಕ್ಕದಲ್ಲಿದ್ದಳು, ಸಂಜೆಯ ಬೆಳಕು ಚೆನ್ನಾಗಿತ್ತು. ಗೇಟು ದಾಟಿದ ಮೇಲೆ ಗಡಿಯಾರದವರು ಮೆಲ್ಲಗೆ ಕೇಳಿದರು.

"ಏನೋ ಮಾತಾಡೋದಿದೆ ಅಂದಿದ್ಯಲ್ಲ, ಏನದು?"

ಆಕೆ ಬಾಯಿ ತೆರೆದಳು. ಸರಿಯಾಗಿ ಆಗಲೇ ಮೊದಲನೇ ರಸ್ತೆ ಉಬ್ಬು ಬಂತು. ಆರು ಜನರ ಭಾರಕ್ಕೆ ಮೊದಲೇ ಕುಸಿದಿದ್ದ ಕಾರು ಉಬ್ಬು ಹತ್ತಿ ಇಳಿಯುವಾಗ ಹಿಂದುಗಡೆಯಿಂದ ಕರ್ರ್ ಎಂದು ಕರುಳು ಕಿತ್ತು ಬರುವಂಥ ಸದ್ದು ಬಂತು. ಸೈಲೆನ್ಸರಿನ ಬಾಲ ನೆಲಕ್ಕೆ ಉಜ್ಜಿತ್ತು. ಇನ್ನೆರಡು ಸಲ ಹೀಗಾದರೆ ಕಿತ್ತು ರಸ್ತೆಯಲ್ಲೇ ಉಳಿಯುತ್ತದೆ. ಕೆರೆಯ ತನಕ ಇನ್ನೂ ಐದು ಉಬ್ಬು.

ಭಾರ ಇಳಿಸಬೇಕು, ಯಾರಾದರೂ ಹಿಂದೆ ನಡೆದು ಬರುತ್ತಾ ಪೈಪಿನ ಮೇಲೆ ಕಣ್ಣಿಡಬೇಕು ಎಂದರು ಮೇಷ್ಟ್ರು. ಯಾರು ಇಳಿಯುವುದು? ಅಜ್ಜಿಯನ್ನು ಕೂರಿಸಿದವರಿಗೇ ಮತ್ತೆ ಎತ್ತುವ ಶಕ್ತಿ ಇರಲಿಲ್ಲ. ಮೇಷ್ಟ್ರಿಗೆ ಮಂಡಿ ನೋವು. ಪರೀಕ್ಷೆಗೆ ಬಂದವನು ಹೊರಗೆ ನಿಂತು ಏನು ಪರೀಕ್ಷಿಸಲಿ ಎಂದರು ಸೆಕ್ರೆಟರಿ. ಪ್ಲಂಬರು ಇಳಿಯಲು ತಯಾರಿದ್ದ, ಆದರೆ ಮಧ್ಯಾಹ್ನವೆಲ್ಲ ಕಾರಿನ ಕೆಳಗೆ ಮಲಗಿ ಸೊಂಟ ಹಿಡಿದುಕೊಂಡಿತ್ತು, ಯಾರ ಕಾರಿನ ಕೆಳಗೆ ಎಂದು ಆತ ಬಿಡಿಸಿ ಹೇಳಲಿಲ್ಲ. ಎಲ್ಲರೂ ಗಡಿಯಾರದವರ ಕಡೆ ನೋಡಿದರು. ಪೈಪು ಎಲ್ಲಿ ತಗುಲುತ್ತದೆ ಎಂದು ಸರಿಯಾಗಿ ತಿಳಿದವರು ಅವರೊಬ್ಬರೇ ಎಂಬುದೂ ನಿಜವೇ.

"ನಾನಿಳಿದ್ರೆ ಓಡಿಸೋರು ಯಾರು?" ಎಂದರು ಗಡಿಯಾರದವರು, ಗೆದ್ದೆನೆಂದುಕೊಂಡು.

ಪ್ಲಂಬರನಿಗೆ ಈ ಕಾರಿನ ಗೇರು ತಿಳಿಯದು. ಸೆಕ್ರೆಟರಿಗೆ ಸೈಕಲ್ಲೂ ಬಾರದು.

"ನೀವಿಳೀರಿ" ಎಂದಳು ಹೆಂಡತಿ. "ನಾನು ಓಡಿಸ್ತೀನಿ."

ಗಡಿಯಾರದವರು ಆಕೆಯ ಮುಖವನ್ನೇ ನೋಡಿದರು. ಆಕೆ ಕೈಚೀಲ ತೆರೆದು ಲೈಸೆನ್ಸು ತೆಗೆದು ಹಿಂದಕ್ಕೆ ಚಾಚಿದಳು. ಸೆಕ್ರೆಟರಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿ, ಹೋದ ವರ್ಷವೇ ಹೊಸದು ಮಾಡಿಸಿದ್ದಾರೆ, ಎಲ್ಲ ಸರಿಯಾಗಿದೆ ಎಂದು ಘೋಷಿಸಿದರು.

"ಮದುವೆಗೆ ಮುಂಚೆ ಎರಡು ವರ್ಷ ನಮ್ಮಣ್ಣನ ಟ್ಯಾಕ್ಸಿ ಓಡಿಸಿದೀನಿ. ಹಗಲು ಅವನು ಮಲಗಿದಾಗ ನಾನೇ ಬಾಡಿಗೆಗೆ ಹೋಗ್ತಿದ್ದೆ."

"ಇಪ್ಪತ್ತಾರು ವರ್ಷದಲ್ಲಿ ಒಂದು ಸಲಾನೂ ನಂಗೆ ಹೇಳ್ಲಿಲ್ವಲ್ಲೇ."

"ಹೇಳಿದ್ದೆ. ಮೂರು ಸಲ ಹೇಳಿದ್ದೆ. ನೀವು ಹೂಂ ಅಂದ್ರಿ." ಆಕೆ ಸ್ವಲ್ಪ ತಡೆದು ಮತ್ತೆ ಹೇಳಿದಳು. "ಮಾತಾಡೋದಿದೆ ಅಂದಿದ್ದು ಇದೇರೀ. ಇದನ್ನ ಒಂದ್ಸಲ ಓಡಿಸ್ಬೇಕು ಅಂತ ನಂಗೆ ಬಹಳ ಆಸೆ ಇತ್ತು."

ಗಡಿಯಾರದವರು ತೆಪ್ಪಗೆ ಇಳಿದರು. ಆಕೆ ಸರಿದು ಸ್ಟೀರಿಂಗಿನ ಮುಂದೆ ಕೂತು, ಸೀಟನ್ನು ಒಂದು ಹಲ್ಲು ಮುಂದಕ್ಕೆ ಎಳೆದು, ಕನ್ನಡಿ ತಿರುಗಿಸಿ, ಗೇರು ಹಾಕಿದಳು. ಇವರು ಹಾಕುವಾಗ ಯಾವಾಗಲೂ ಹಲ್ಲು ಕಡಿಯುತ್ತಿದ್ದ ಗೇರು ಆಕೆಯ ಕೈಗೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಕೂತಿತು. ಮುಂದಿನ ಉಬ್ಬಿಗೆ ಆಕೆ ಕಾರನ್ನು ಓರೆಯಾಗಿ ಹತ್ತಿಸಿದಳು, ಒಂದು ಚಕ್ರ ಆಮೇಲೆ ಇನ್ನೊಂದು. ಪೈಪು ನೆಲವನ್ನು ಮುಟ್ಟಲಿಲ್ಲ.

ಗಡಿಯಾರದವರು ಸೊಂಟ ಬಗ್ಗಿಸಿ, ಪೈಪಿನ ಬಾಯಿಯನ್ನೇ ನೋಡುತ್ತಾ ಹಿಂದೆ ನಡೆದರು. ದಾರಿಯಲ್ಲಿ ಬರುತ್ತಿದ್ದವನೊಬ್ಬ ಏನು ಬಿದ್ದುಹೋಯಿತು ಸ್ವಾಮಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾನೂ ಬಗ್ಗಿ ಹುಡುಕುತ್ತಾ ಸ್ವಲ್ಪ ದೂರ ಜೊತೆಗೆ ಬಂದ. ಕಾರಿನೊಳಗೆ ಮಾತು ಜೋರಾಗಿತ್ತು. ಹೆಂಡತಿ ಟ್ಯಾಕ್ಸಿಯ ಕಾಲದ ಕತೆ ಹೇಳುತ್ತಿದ್ದಳು. ಒಂದೊಂದು ಮಾತೂ ಸ್ಪಷ್ಟವಾಗಿ ಹೊರಗೆ ಕೇಳಿಸುತ್ತಿತ್ತು. ಮಳೆಯಲ್ಲಿ ಟಯರು ಪಂಕ್ಚರಾದ ಕತೆ, ಬಾಡಿಗೆ ಕೊಡದೆ ಓಡಿದವನನ್ನು ಹಿಮ್ಮುಖ ಗೇರಿನಲ್ಲೇ ಅಟ್ಟಿಸಿ ಹಿಡಿದ ಕತೆ. ಸೆಕ್ರೆಟರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಕೆಯೂ ನಕ್ಕಳು. ಹೆಂಡತಿ ಹೀಗೆ ಬಾಯಿತುಂಬ ನಗುವುದನ್ನು ಕೇಳಿ ಎಷ್ಟು ವರ್ಷವಾಯಿತೆಂದು ಗಡಿಯಾರದವರು ಲೆಕ್ಕ ಹಾಕಿದರು. ಲೆಕ್ಕ ಸಿಗಲಿಲ್ಲ. ಸೊಂಟ ನೋಯುತ್ತಿದ್ದರೂ ಅವರ ಮುಖದಲ್ಲಿ ತಾನಾಗಿ ನಗು ಬಂತು. ನಾನು ಕಟ್ಟಿದ ಮ್ಯಾನಿಫೋಲ್ಡ್, ಒಂದಿಷ್ಟೂ ಸೋರುತ್ತಿಲ್ಲ ಎಂದುಕೊಂಡರು.

ಕೆರೆ ದಂಡೆಯಲ್ಲಿ ಕಾರು ನಿಂತಿತು. ಎಲ್ಲರೂ ಇಳಿದು ನೀರಿನ ಕಡೆ ಹೋದರು. ಅಜ್ಜಿ ಮಾತ್ರ ಒಳಗೇ ಕೂತು ಕಾರು ಯಾವಾಗ ಹೊರಡುತ್ತದೆ ಎಂದು ಕೇಳುತ್ತಿದ್ದಳು. ಹೆಂಡತಿ ಗಂಡನ ಪಕ್ಕಕ್ಕೆ ಬಂದು ನಿಂತು, ಅವರ ಅಂಗಿಯ ಮೇಲಿನ ಧೂಳು ಕೊಡವಿದಳು.

"ನಾಳೆ ಆ ವಾಟ ತೆಗೆದು ಪೈಪು ಎತ್ತಿ ಕಟ್ಟಿಬಿಡಿ. ಸಂಜೆ ನಾವಿಬ್ರೇ ಬರೋಣ. ಯಾರನ್ನೂ ಕರೀಬೇಡಿ."

ಗಡಿಯಾರದವರು ನಾಲ್ಕು ವರ್ಷ ಕಾದದ್ದು ಸಾರ್ಥಕವಾಯಿತು ಎಂದುಕೊಂಡು, ಕೀಲಿ ಕೊಡು ಎಂಬಂತೆ ಕೈ ಚಾಚಿದರು.

ಆಕೆ ಕೀಲಿಯನ್ನು ಕೈಚೀಲದೊಳಗೆ ಹಾಕಿ ಚೀಲದ ಬಾಯಿ ಮುಚ್ಚಿದಳು.

"ನೀವು ಪಕ್ಕದಲ್ಲಿ ಕೂತ್ಕೊಳ್ಳಿ" ಎಂದಳು. "ಆಗ ಮಾತಾಡೋಕೆ ಚೆನ್ನಾಗಿರುತ್ತೆ."